ಇಗರ್ಜಿಯ ಪಕ್ಕದ ಶಾಲೆಯಲ್ಲಿ ಮಕ್ಕಳ ಸುರಕ್ಷತೆ: ಕಾರವಾರ ಕರಾವಳಿಗೊಂದು ಸಮಗ್ರ ಮಾರ್ಗದರ್ಶಿ

ಕಾರವಾರದಿಂದ ಭಟ್ಕಳದವರೆಗೆ ಇಗರ್ಜಿಯ (ಚರ್ಚಿನ) ಮಗ್ಗುಲಲ್ಲಿ ಒಂದು ಪ್ರಾಥಮಿಕ ಶಾಲೆ ಇರುವುದು ನಮಗೆ ಹೊಸದಲ್ಲ. ಬೆಳಗಾವಿಯಿಂದ ಬೇರ್ಪಟ್ಟು 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ರಚನೆಯಾಗುವ ಮೊದಲೇ ಇಂಥ ಶಾಲೆಗಳು ಇಲ್ಲಿ ನಡೆಯುತ್ತಿದ್ದವು. ಕೊಂಕಣಿ ಮಾತನಾಡುವ ಕ್ರೈಸ್ತರ ಮಕ್ಕಳು, ಮೀನುಗಾರರ ಮಕ್ಕಳು, ಹಾಲಕ್ಕಿ ಒಕ್ಕಲಿಗರ ಮಕ್ಕಳು, ನೌಕಾನೆಲೆಯ ನೌಕರರ ಹಿಂದಿ ಮಾತಿನ ಮಕ್ಕಳು ಎಲ್ಲರೂ ಒಂದೇ ಬೆಂಚಿನಲ್ಲಿ ಕೂರುವ ಈ ಶಾಲೆಗಳ ದೊಡ್ಡ ಆಸ್ತಿಯೆಂದರೆ ಪರಿಚಯ. ಸಿಸ್ಟರಿಗೆ ಮಗುವಿನ ಅಜ್ಜಿ ಗೊತ್ತು, ಫಾದರಿಗೆ ರಿಕ್ಷಾದವನ ಮನೆ ಗೊತ್ತು, ಆಯಾ ಅದೇ ಕೇರಿಯವಳು.

ಹಲವು ವರ್ಷ ಇಂಥ ಒಂದು ಶಾಲೆಯ ಪಾಲಕರ ಸಮಿತಿಯಲ್ಲಿ ಕೆಲಸ ಮಾಡಿದ ನನಗೆ ಮನವರಿಕೆಯಾದ ಸಂಗತಿ ಒಂದೇ: ಈ ಪರಿಚಯ ಮಕ್ಕಳನ್ನು ಕಾಯುತ್ತದೆ, ಅದೇ ಪರಿಚಯ ಮಕ್ಕಳ ಬಾಯಿಯನ್ನೂ ಮುಚ್ಚಿಸುತ್ತದೆ. ಎಲ್ಲರೂ ಬಲ್ಲ, ಎಲ್ಲರೂ ಕೈಮುಗಿಯುವ ವ್ಯಕ್ತಿಯ ಬಗ್ಗೆ ಏಳು ವರ್ಷದ ಮಗು ಯಾರ ಹತ್ತಿರ ಹೇಳಿಕೊಳ್ಳಬೇಕು? ಆದ್ದರಿಂದ ಪರಿಚಯವನ್ನು ನಂಬಿ ಕೂರದೆ, ಅದರ ಮೇಲೆ ಬರವಣಿಗೆಯ ಕ್ರಮವೊಂದನ್ನು ಕಟ್ಟುವುದು ಹೇಗೆ ಎಂಬುದನ್ನು ಮುಂದೆ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಐದು ಜನ, ಒಂದು ಪುಸ್ತಕ

ಜೂನ್ ಮೊದಲ ವಾರದಲ್ಲಿಯೇ ಮಕ್ಕಳ ರಕ್ಷಣಾ ಸಮಿತಿಯನ್ನು ರಚಿಸಬೇಕು. ಐದು ಜನ ಸಾಕು. ಹನ್ನೆರಡು ಜನರ ಸಮಿತಿ ಚಹಾ ಕುಡಿದು ಎದ್ದುಹೋಗುತ್ತದೆ. ಮುಖ್ಯಾಧ್ಯಾಪಕಿ, ಒಬ್ಬ ಶಿಕ್ಷಕಿ, ಒಬ್ಬ ತಾಯಿ, ಒಬ್ಬ ತಂದೆ ಮತ್ತು ಐದನೆಯವರಾಗಿ ಶಾಲೆಗೂ ಇಗರ್ಜಿಗೂ ಸಂಬಂಧವಿಲ್ಲದ ಒಬ್ಬರು ಇರಬೇಕು. ನಿವೃತ್ತ ನರ್ಸ್ ಆಗಬಹುದು, ವಕೀಲರಾಗಬಹುದು, ಬೇರೆ ಶಾಲೆಯ ಮಾಸ್ತರರಾಗಬಹುದು. ಈ ಐದನೆಯ ವ್ಯಕ್ತಿಯನ್ನು ಹುಡುಕುವುದರಲ್ಲಿ ಸೋಮಾರಿತನ ಮಾಡಬಾರದು, ಏಕೆಂದರೆ ಒಳಗಿನವರೆಲ್ಲ ಪರಸ್ಪರ ಮುಲಾಜಿಗೆ ಸಿಕ್ಕಿಕೊಂಡ ದಿನ ‘ಇದನ್ನು ಬರೆದುಕೊಳ್ಳಿ’ ಎನ್ನುವ ಧೈರ್ಯ ಅವರೊಬ್ಬರಿಗೇ ಇರುತ್ತದೆ.

ಐವರಲ್ಲಿ ಕನಿಷ್ಠ ಒಬ್ಬರಿಗೆ ಕೊಂಕಣಿ ಚೆನ್ನಾಗಿ ಬರಬೇಕು, ಒಬ್ಬರಿಗೆ ಹಿಂದಿ ಬರಬೇಕು. ಮಗು ಪಾಠವನ್ನು ಶಾಲೆಯ ಭಾಷೆಯಲ್ಲಿ ಒಪ್ಪಿಸೀತು. ಭಯವನ್ನು ಹೇಳಿಕೊಳ್ಳುವುದು ಮನೆಯ ಭಾಷೆಯಲ್ಲಿಯೇ.

ಸಮಿತಿಯ ಕೈಯಲ್ಲಿ ಪುಟಸಂಖ್ಯೆ ಹಾಕಿದ ಒಂದು ರಟ್ಟಿನ ನೋಟ್‌ಬುಕ್ ಇರಲಿ. ಬಿದ್ದ ಗಾಯ, ತಡವಾಗಿ ಬಂದ ಪಾಲಕರು, ಮುರಿದ ಚಿಲಕ, ಎಲ್ಲವನ್ನೂ ತಾರೀಕು ಮತ್ತು ವೇಳೆ ಸಹಿತ ಅದರಲ್ಲಿ ಬರೆಯಬೇಕು. ಹಾಳೆ ಕೀಳುವಂತಿಲ್ಲ, ಬಿಳಿ ಶಾಯಿ ಬಳಿಯುವಂತಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರಾಯಿತು.

ಎರಡನೆಯ ಹೆಜ್ಜೆ: ಮಕ್ಕಳ ಜೊತೆ ಅಂಗಳ ಸುತ್ತುವುದು

ದೊಡ್ಡವರು ಆವರಣ ಸುತ್ತಿದರೆ ಗೋಡೆ ಮತ್ತು ಬಣ್ಣ ಕಾಣುತ್ತವೆ. ಮೂರನೆಯ ತರಗತಿಯ ನಾಲ್ಕು ಮಕ್ಕಳನ್ನು ಮುಂದೆ ಬಿಟ್ಟು, ‘ನಿಮಗೆ ಯಾವ ಜಾಗ ಇಷ್ಟ, ಯಾವ ಜಾಗಕ್ಕೆ ಒಬ್ಬರೇ ಹೋಗುವುದಿಲ್ಲ, ತೋರಿಸಿ’ ಎಂದು ಕೇಳಿಕೊಂಡು ಹಿಂದೆ ನಡೆದರೆ ಬೇರೆಯೇ ಶಾಲೆ ಕಾಣುತ್ತದೆ. ನಾನು ಹೀಗೆ ನಡೆದ ದಿನ ಮಕ್ಕಳು ಇಗರ್ಜಿಯ ಹಿಂಬದಿಯ ಉಗ್ರಾಣದ ಹತ್ತಿರ ನಿಂತುಬಿಟ್ಟರು. ಅಲ್ಲಿ ಯಾರೂ ಏನೂ ಮಾಡಿರಲಿಲ್ಲ. ಮುರಿದ ಬೆಂಚುಗಳ ರಾಶಿಯ ಹಿಂದೆ ಬೆಳಕಿರಲಿಲ್ಲ, ಅಷ್ಟೇ. ಆದರೆ ಶೌಚಾಲಯಕ್ಕೆ ಹೋಗುವ ದಾರಿ ಅದರ ಪಕ್ಕದಲ್ಲೇ ಇದ್ದುದರಿಂದ ಕೆಲವು ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯದೆ ಮನೆಗೆ ಹೋಗುತ್ತಿದ್ದರು ಎಂಬುದು ಆಗ ತಿಳಿಯಿತು. ಒಂದು ಬಲ್ಬು, ಒಂದು ಬೀಗ, ಎರಡು ದಿನದ ಕೆಲಸದಲ್ಲಿ ಅದು ಸರಿಹೋಯಿತು.

ನಮ್ಮ ಕರಾವಳಿಯಲ್ಲಿ ತಪ್ಪದೆ ನೋಡಬೇಕಾದವು ಕೆಲವಿವೆ. ಬಾವಿಗೆ ಕಟ್ಟೆ ಇದ್ದರೆ ಸಾಲದು, ಕಬ್ಬಿಣದ ಜಾಳಿಗೆಯೂ ಬೇಕು. ಅಂಗಳದ ತೆಂಗಿನಮರಗಳ ಕಾಯಿ ಮತ್ತು ಒಣ ಮಡಲನ್ನು ಮೇ ತಿಂಗಳಿನಲ್ಲೇ ಇಳಿಸಬೇಕು. ಚಿರೆಕಲ್ಲಿನ ಕಂಪೌಂಡು ಮಳೆನೀರು ಕುಡಿದು ಹೊಟ್ಟೆ ಬಿಟ್ಟಿದ್ದರೆ ಅದರ ಬುಡದಲ್ಲಿ ಮಕ್ಕಳು ಸಾಲು ನಿಲ್ಲಬಾರದು. ಹಾವಸೆ ಕಟ್ಟಿದ ಮೆಟ್ಟಿಲಿಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಬೇಕು. ಸರಿದ ಮಂಗಳೂರು ಹೆಂಚನ್ನು ಮೊದಲ ಮಳೆಗೆ ಮುಂಚೆ ಕೂರಿಸಬೇಕು.

ಮೂರನೆಯ ಹೆಜ್ಜೆ: ಗೇಟಿನಲ್ಲಿ ಕೈಬದಲು

ಇಡೀ ದಿನದಲ್ಲಿ ಅತಿ ಸಡಿಲವಾದ ಹೊತ್ತೆಂದರೆ ಶಾಲೆ ಬಿಟ್ಟ ಮೇಲಿನ ಇಪ್ಪತ್ತು ನಿಮಿಷ. ಜುಲೈ ತಿಂಗಳ ಒಂದು ಸಂಜೆಯ ಮಾತು. ಮಳೆ ಒಂದೇ ಸಮನೆ ಹೊಡೆಯುತ್ತಿತ್ತು, ಗೇಟಿನ ಮುಂದೆ ಕಪ್ಪು ಕೊಡೆಗಳ ಗುಂಪು, ಯಾರ ಮುಖವೂ ಕಾಣದು. ಎರಡನೆಯ ತರಗತಿಯ ಹುಡುಗನೊಬ್ಬ ಕೊಡೆಯೊಂದರ ಕೆಳಗೆ ಸೇರಿ ಹೊರಟುಹೋದ. ಕರೆದೊಯ್ದವರು ಅವನ ಚಿಕ್ಕಪ್ಪನೇ. ಆದರೆ ಆ ಮನೆಯಲ್ಲಿ ಆಸ್ತಿಯ ಜಗಳವಿತ್ತು, ತಾಯಿಗೆ ತಿಳಿಸಿರಲಿಲ್ಲ. ಎರಡು ಗಂಟೆ ಹುಡುಕಾಡಿದ ಮೇಲೆ ಹುಡುಗ ಚಿಕ್ಕಪ್ಪನ ಮನೆಯಲ್ಲಿ ಅವಲಕ್ಕಿ ತಿನ್ನುತ್ತ ಕೂತಿದ್ದ. ಏನೂ ಆಗಲಿಲ್ಲ, ನಿಜ. ಆದರೆ ಶಾಲೆಯಲ್ಲಿ ‘ಯಾರ ಜೊತೆ ಕಳಿಸಿದಿರಿ’ ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ.

ಆ ಮೇಲೆ ಮಾಡಿದ ಕ್ರಮ ಹೀಗಿದೆ. ಪ್ರತಿ ಮಗುವಿಗೆ ಒಂದು ಕಾರ್ಡು. ಅದರಲ್ಲಿ ಕರೆದೊಯ್ಯಬಹುದಾದ ಮೂವರ ಹೆಸರು, ಭಾವಚಿತ್ರ ಮತ್ತು ಫೋನ್ ನಂಬರು. ಕಾರ್ಡಿನಲ್ಲಿ ಇಲ್ಲದವರು ಬಂದರೆ, ಅವರು ಧರ್ಮಕೇಂದ್ರದ (ಇಗರ್ಜಿಯ ವ್ಯಾಪ್ತಿಯ ಕ್ರೈಸ್ತ ಸಮುದಾಯದ) ಪಾಲನಾ ಸಮಿತಿಯ ಹಿರಿಯರೇ ಆಗಿದ್ದರೂ, ಮನೆಗೆ ಫೋನ್ ಮಾಡಿ ಕೇಳದೆ ಮಗುವನ್ನು ಕೊಡುವಂತಿಲ್ಲ. ಗೇಟಿನ ಹೊರಗೆ ಕೈಬದಲು ಮಾಡದೆ ಜಗಲಿಯ ಮೇಲೆ ತರಗತಿವಾರು ಕೂರಿಸಿ, ಬಂದವರು ಕೊಡೆ ಮಡಚಿ ಮೇಲೆ ಬಂದ ನಂತರವೇ ಹೆಸರು ಕೂಗಬೇಕು. ಮಳೆಯಲ್ಲಿ ನಿಂತವರಿಗೆ ಇದು ರೇಗಿಸುತ್ತದೆ. ರೇಗಲಿ.

ಕಾರ್ಡನ್ನು ವರ್ಷಕ್ಕೊಮ್ಮೆ ಬರೆದಿಟ್ಟರೆ ಸಾಲದು ಎಂಬುದನ್ನು ನಮಗೆ ಕಲಿಸಿದವರು ಮೀನು ಮಾರುವ ತಾಯಂದಿರು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳು ಬೋಟಿಗೆ ಹೋಗುವ ತಂದೆ ಮನೆಯಲ್ಲಿರುತ್ತಾನೆ, ಮಗುವನ್ನು ಅವನೇ ಒಯ್ಯುತ್ತಾನೆ. ಆಗಸ್ಟ್ ಬಂದೊಡನೆ ಅವನು ಬೈತಖೋಲ ಬಂದರಿನಿಂದ ಕಡಲಿಗೆ, ತಾಯಿ ಪೇಟೆಗೆ. ಶಾಲೆಗೆ ಬರುವುದು ಅಜ್ಜಿ ಅಥವಾ ಪಕ್ಕದ ಮನೆಯ ಹುಡುಗಿ. ಆದ್ದರಿಂದ ಆಗಸ್ಟ್ ಮೊದಲ ವಾರ ಕಾರ್ಡುಗಳನ್ನು ಮತ್ತೊಮ್ಮೆ ತಿದ್ದಬೇಕು. ಅಜ್ಜಿಗೆ ಓದು ಬಾರದಿದ್ದರೆ ಕಾರ್ಡು ಅವಳ ಸೊಂಟದ ಚೀಲದಲ್ಲಿರಲಿ, ಹೆಬ್ಬೆಟ್ಟು ಸಾಕು.

ರಿಕ್ಷಾ ಮತ್ತು ವ್ಯಾನಿನವರ ಹೆಸರು, ಲೈಸೆನ್ಸ್ ನಂಬರು, ಯಾವ ಮಗು ಯಾವ ಗಾಡಿಯಲ್ಲಿ, ಕೊನೆಗೆ ಇಳಿಯುವ ಮಗು ಯಾವುದು ಎಂಬ ಪಟ್ಟಿಯೂ ಕಚೇರಿಯಲ್ಲಿರಬೇಕು. ಕೊನೆಯ ಮಗು ಚಾಲಕನ ಜೊತೆ ಒಂಟಿಯಾಗಿ ಎಷ್ಟು ಹೊತ್ತು ಇರುತ್ತದೆ ಎಂದು ಲೆಕ್ಕ ಹಾಕಿ. ಹತ್ತು ನಿಮಿಷಕ್ಕಿಂತ ಹೆಚ್ಚಾದರೆ ದಾರಿಯ ಸರದಿಯನ್ನು ಬದಲಿಸಿ.

ನಾಲ್ಕನೆಯ ಹೆಜ್ಜೆ: ನಿಯಮ ದೊಡ್ಡವರಿಗೆ

ಮಕ್ಕಳಿಗೆ ನೂರು ನಿಯಮ ಹೇಳುವ ಶಾಲೆಗಳು ದೊಡ್ಡವರಿಗೆ ಒಂದನ್ನೂ ಬರೆದಿಟ್ಟಿರುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳ ಪ್ರಕಾರ ಮಕ್ಕಳ ಒಡನಾಟವಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಲೇಬೇಕು. ಶಿಕ್ಷಕರು ಮಾತ್ರವಲ್ಲ, ವಾಚ್‌ಮನ್, ಆಯಾ, ಅಡುಗೆಯವರು, ಗಾಡಿಯವರು, ಶನಿವಾರ ಡಾನ್ಸ್ ಕಲಿಸಲು ಬರುವ ಯುವಕ, ರಜೆಯಲ್ಲಿ ಬರುವ, ಧರ್ಮಗುರುವಾಗಲು ಓದುತ್ತಿರುವ ಬ್ರದರ್, ಎಲ್ಲರೂ ಈ ಲೆಕ್ಕಕ್ಕೆ ಸೇರುತ್ತಾರೆ. ‘ನಮ್ಮ ಫಾದರಿನ ಶಿಫಾರಸು’ ಎಂಬುದು ಪರಿಶೀಲನೆಯಲ್ಲ.

ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇರಬಾರದು. ಫಾದರಿನ ವಸತಿಗೆ, ಸಿಸ್ಟರುಗಳ ಕಾನ್ವೆಂಟಿನ ಒಳಗೆ ಒಂಟಿ ಮಗುವನ್ನು ಕೆಲಸಕ್ಕೆ ಕಳಿಸಬಾರದು. ಟೀಚರ ವೈಯಕ್ತಿಕ ಫೋನಿನಿಂದ ಮಗುವಿಗೆ ಸಂದೇಶ ಹೋಗಬಾರದು. ಈ ನಿಯಮಗಳು ಯಾರ ಮೇಲಿನ ಸಂಶಯದಿಂದಲೂ ಹುಟ್ಟಿದವಲ್ಲವೆಂದು ಮೊದಲ ಸಭೆಯಲ್ಲೇ ಹೇಳಿಬಿಡಬೇಕು. ಎಲ್ಲರಿಗೂ ಅನ್ವಯವಾದಾಗ ಯಾರಿಗೂ ಅವಮಾನವಿಲ್ಲ.

ಬೆತ್ತದ ವಿಷಯ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆ ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದನ್ನೇ ಹಿಡಿದು ‘ನಮಗೆ ಆ ನಿಯಮವಿಲ್ಲ’ ಎಂದವರನ್ನು ನಾನು ಕಂಡಿದ್ದೇನೆ. ಆ ತೀರ್ಪು ಬೆತ್ತಕ್ಕೆ ಕೊಟ್ಟ ಪರವಾನಗಿಯಲ್ಲ. ತಮ್ಮ ಸುಪರ್ದಿಯಲ್ಲಿರುವ ಮಗುವಿನ ಮೇಲೆ ಕ್ರೌರ್ಯವೆಸಗುವವರನ್ನು ಶಿಕ್ಷಿಸುವ 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಮು ಯಾವ ಶಾಲೆಯನ್ನೂ ಹೊರಗಿಟ್ಟಿಲ್ಲ.

ಐದನೆಯ ಹೆಜ್ಜೆ: ಮಕ್ಕಳಿಗೆ ಕಲಿಸುವುದು

ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಎಂಬ ಪಾಠ ಈಗ ಎಲ್ಲ ಕಡೆ ಇದೆ. ಅದರಲ್ಲಿ ಒಂದು ಕೊರತೆಯಿದೆ: ಇಂಜೆಕ್ಷನ್ ಕೊಡುವ ನರ್ಸಮ್ಮನ ಸ್ಪರ್ಶ ನೋಯಿಸುತ್ತದೆ, ಚಾಕೊಲೇಟ್ ಕೊಟ್ಟು ತೊಡೆಯ ಮೇಲೆ ಕೂರಿಸಿಕೊಳ್ಳುವವನ ಸ್ಪರ್ಶ ನೋಯಿಸುವುದಿಲ್ಲ. ಮಗು ಯಾವುದನ್ನು ಕೆಟ್ಟದ್ದು ಎಂದುಕೊಳ್ಳಬೇಕು? ನಾವು ಇದನ್ನು ಗುಟ್ಟಿನ ಕಡೆಯಿಂದ ಹೇಳಿಕೊಟ್ಟೆವು. ‘ಚಡ್ಡಿಯ ಜಾಗವನ್ನು ಯಾರಾದರೂ ಮುಟ್ಟಿ ಅಥವಾ ತಮ್ಮದನ್ನು ಮುಟ್ಟಿಸಿ, ಇದು ನಮ್ಮಿಬ್ಬರ ಗುಟ್ಟು ಎಂದರೆ, ಆ ಗುಟ್ಟನ್ನು ಇಟ್ಟುಕೊಳ್ಳಬೇಡ. ಅವರು ಮಾಮ ಆಗಿರಲಿ, ಮಾಸ್ತರ್ ಆಗಿರಲಿ, ಫಾದರ್ ಆಗಿರಲಿ. ಒಬ್ಬರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳು, ಕೇಳುವವರು ಸಿಗುವವರೆಗೆ ಹೇಳುತ್ತಲೇ ಇರು.’ ಕೊನೆಯ ವಾಕ್ಯವೇ ಮುಖ್ಯ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿ, ಶೌಚಾಲಯದ ಬಾಗಿಲಿನ ಒಳಬದಿಗೆ ಬರೆಸಿ. ಕಚೇರಿಯ ಗೋಡೆಯ ಮೇಲಿನ ಫಲಕವನ್ನು ಅಲ್ಲಿಗೆ ಬರಲು ಹೆದರುವ ಮಗು ಓದುವುದಿಲ್ಲ.

ಶಾಲೆ ಇರುವ ಜಾಗ ಪಂಚಾಯಿತಿ ವ್ಯಾಪ್ತಿಯದಾದರೆ ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಗೆ ದೊಡ್ಡ ತರಗತಿಯ ಮಕ್ಕಳನ್ನು ಕಳಿಸಿ. ಹೆದ್ದಾರಿ ದಾಟುವ ಕಷ್ಟವನ್ನು ಅವರು ಅಲ್ಲಿ ಹೇಳಿದರೆ ಉತ್ತರ ಕೊಡಬೇಕಾದವರು ಎದುರಿಗೇ ಕೂತಿರುತ್ತಾರೆ.

ಆರನೆಯ ಹೆಜ್ಜೆ: ಮಗು ಬಾಯಿಬಿಟ್ಟಾಗ

ಇದನ್ನು ನಿಧಾನವಾಗಿ ಓದಬೇಕು. ಮಗು ಹೇಳುವುದು ನೀವು ಕಾಯುತ್ತಿರುವಾಗ ಅಲ್ಲ. ಬುತ್ತಿ ಮುಚ್ಚುವಾಗ, ಬಟನ್ ಹಾಕಿಸಿಕೊಳ್ಳುವಾಗ, ಅರ್ಧ ವಾಕ್ಯದಲ್ಲಿ. ‘ಟೀಚರ್, ನಾನು ಆ ರಿಕ್ಷಾದಲ್ಲಿ ಹೋಗುವುದಿಲ್ಲ.’ ಆಗ ಕೆಲಸ ಬಿಟ್ಟು ಅದರ ಎತ್ತರಕ್ಕೆ ಕೂತು, ‘ಹೂಂ, ಹೇಳು’ ಎಂದಷ್ಟೇ ಅನ್ನಬೇಕು. ‘ಅವನು ಮುಟ್ಟಿದನಾ?’ ಎಂದು ನೀವೇ ಉತ್ತರ ತುಂಬಿದ ಪ್ರಶ್ನೆ ಕೇಳಬಾರದು. ‘ಆಮೇಲೆ ಏನಾಯಿತು’ ಎಂಬುದಷ್ಟೇ ಪ್ರಶ್ನೆ. ಮುಖದಲ್ಲಿ ಗಾಬರಿ ತೋರಬಾರದು, ಸಿಟ್ಟನ್ನೂ ತೋರಬಾರದು, ಏಕೆಂದರೆ ಆ ಸಿಟ್ಟು ತನ್ನ ಮೇಲೆ ಎಂದು ಮಗು ತಿಳಿಯುತ್ತದೆ. ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತನ್ನು ಕೊಡಬೇಡಿ, ಹೇಳಲೇಬೇಕಾಗುತ್ತದೆ. ‘ನೀನು ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ, ಸಹಾಯ ಮಾಡಬಲ್ಲವರಿಗೆ ಮಾತ್ರ ತಿಳಿಸುತ್ತೇನೆ’ ಎನ್ನಿ. ಮಗು ಅಂದ ಪದಗಳನ್ನು ಅದೇ ಭಾಷೆಯಲ್ಲಿ, ಕೊಂಕಣಿಯಾದರೆ ಕೊಂಕಣಿಯಲ್ಲೇ, ಅರ್ಧ ಗಂಟೆಯೊಳಗೆ ಬರೆದಿಡಿ. ಈ ಬರಹ ಸಾಮಾನ್ಯ ಪುಸ್ತಕದಲ್ಲಿ ಬೇಡ. ಮೊಹರು ಮಾಡಿದ ಲಕೋಟೆಯಲ್ಲಿರಲಿ, ಪುಸ್ತಕದಲ್ಲಿ ಲಕೋಟೆಯ ಸಂಖ್ಯೆ ಮಾತ್ರ ಇರಲಿ.

ಮತ್ತೆ ಮತ್ತೆ ಕೇಳಿಸಬಾರದು. ಮುಖ್ಯಾಧ್ಯಾಪಕಿ ಒಮ್ಮೆ, ಮ್ಯಾನೇಜರ್ ಫಾದರ್ ಒಮ್ಮೆ, ಸಮಿತಿ ಒಮ್ಮೆ ಎಂದು ಮಗುವನ್ನು ನಿಲ್ಲಿಸಿ ಹೇಳಿಸಿದರೆ ನಾಲ್ಕನೆಯ ಸಲ ಅದು ‘ಏನೂ ಆಗಿಲ್ಲ’ ಎನ್ನುತ್ತದೆ. ಆರೋಪಿಯನ್ನು ಕರೆಸಿ ಎದುರುಬದುರು ಕೂರಿಸುವುದಂತೂ ಮಹಾ ತಪ್ಪು.

ಮುಂದಿನದು ಕಾನೂನು. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಅಪರಾಧ ನಡೆದಿರುವುದು ತಿಳಿದ, ಅಥವಾ ನಡೆಯಬಹುದೆಂಬ ಆತಂಕವಿರುವ ಯಾರೇ ಆಗಲಿ, ಸ್ಥಳೀಯ ಪೊಲೀಸರಿಗೆ ಇಲ್ಲವೇ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಬೇಕು. ಮೊದಲು ಶಾಲೆಯಲ್ಲೇ ವಿಚಾರಣೆ ಮಾಡಿ ಸತ್ಯ ಕಂಡುಕೊಳ್ಳಬೇಕೆಂದು ಕಾಯ್ದೆ ಹೇಳುವುದಿಲ್ಲ; ಅದು ಶಾಲೆಯ ಕೆಲಸವೇ ಅಲ್ಲ. ತಿಳಿಸದೆ ಇದ್ದರೆ 21ನೆಯ ಕಲಮಿನಡಿ ಆರು ತಿಂಗಳವರೆಗೆ ಸಜೆ. ತನ್ನ ಕೈಕೆಳಗಿನವರ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಪೊಲೀಸರು 24 ಗಂಟೆಯೊಳಗೆ ಸರ್ಕಾರ ನೇಮಿಸಿದ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು, ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಹೇಳಿಕೆ ಪಡೆಯಬೇಕು, ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿಯೇ ಆಗಿರಬೇಕು. ಇದನ್ನು ತಾಯಿಗೆ ಮೊದಲೇ ಹೇಳಿದರೆ ‘ಸ್ಟೇಷನ್ ಮೆಟ್ಟಿಲು ಹತ್ತುವುದೆಂದರೆ’ ಎಂಬ ಅವಳ ಅರ್ಧ ಭಯ ಇಳಿಯುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಜಿಲ್ಲಾ ಕೇಂದ್ರವಾದ ಕಾರವಾರದಲ್ಲೇ ಇದೆ. ಶಿರಸಿ ಕಡೆಯ ಶಾಲೆಯವರು ಅದಕ್ಕಾಗಿ ಘಟ್ಟ ಇಳಿದು ಬರುವುದನ್ನು ಕಾಯದೆ ತಮ್ಮ ಠಾಣೆಗೆ ಅದೇ ದಿನ ತಿಳಿಸಬೇಕು.

ಪಾಲಕರ ವಾಟ್ಸ್ಆ್ಯಪ್ ಗುಂಪನ್ನು ಆ ದಿನ ಬಿಗಿ ಹಿಡಿಯಬೇಕು. ಮಗುವಿನ ಹೆಸರು, ವಿಳಾಸ, ಭಾವಚಿತ್ರ, ಶಾಲೆ, ನೆರೆಹೊರೆ ಯಾವುದನ್ನೂ ಬಹಿರಂಗಪಡಿಸುವಂತಿಲ್ಲ ಎಂದು ಪೋಕ್ಸೊ ಕಾಯ್ದೆಯ 23ನೆಯ ಕಲಮು ಹೇಳುತ್ತದೆ. ಕಾರವಾರದಂಥ ಊರಿನಲ್ಲಿ ‘ಎರಡನೆಯ ತರಗತಿ, ಕೋಡಿಬಾಗ ಕಡೆಯ ಹುಡುಗಿ’ ಎಂದರೆ ಹೆಸರು ಹೇಳಿದಂತೆಯೇ.

ಇಗರ್ಜಿಯ ಕಡೆಯ ದಾರಿ

ಆರೋಪ ಧರ್ಮಗುರು ಅಥವಾ ಧರ್ಮಭಗಿನಿಯ ಮೇಲೆ ಬಂದರೆ ಎರಡು ದಾರಿಯಲ್ಲೂ ನಡೆಯಬೇಕು, ಒಂದರ ಬದಲು ಇನ್ನೊಂದಲ್ಲ. ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿ 2023ರಲ್ಲಿ ಶಾಶ್ವತಗೊಳಿಸಿದ ಕಟ್ಟಳೆಯಂತೆ ಧರ್ಮಗುರುಗಳೂ ಸನ್ಯಾಸಿನಿಯರೂ ಇಂಥ ವಿಷಯ ತಿಳಿದೊಡನೆ ಧರ್ಮಾಧ್ಯಕ್ಷರಿಗೆ ವರದಿ ಮಾಡಬೇಕು, ಪ್ರತಿ ಧರ್ಮಪ್ರಾಂತ್ಯವೂ ದೂರು ಸ್ವೀಕರಿಸುವ ವ್ಯವಸ್ಥೆ ಇಟ್ಟಿರಬೇಕು, ದೂರು ಕೊಟ್ಟವರ ಮೇಲೆ ಮೌನದ ಷರತ್ತು ಹೇರುವಂತಿಲ್ಲ. ದೇಶದ ಕಾನೂನಿನ ಕರ್ತವ್ಯ ಇದರಿಂದ ಕಡಿಮೆಯಾಗುವುದಿಲ್ಲವೆಂದೂ ಅದರಲ್ಲಿಯೇ ಇದೆ. ‘ಬಿಷಪ್ಪರಿಗೆ ಬರೆದಿದ್ದೇವೆ, ನೋಡೋಣ’ ಎಂಬುದು ಪೊಲೀಸರಿಗೆ ತಿಳಿಸಿದಂತಾಗದು.

ಪಾಪನಿವೇದನೆಯಲ್ಲಿ ಕೇಳಿದ್ದನ್ನು ಧರ್ಮಗುರು ಹೊರಗೆ ಹೇಳುವಂತಿಲ್ಲ. ಆದ್ದರಿಂದ ಮಗು ಅಲ್ಲಿ ಏನಾದರೂ ಹೇಳಿಕೊಂಡರೆ, ಇದು ನಿನ್ನ ಪಾಪವಲ್ಲ ಎಂದು ಹೇಳಿ, ಹೊರಗೆ ಬಂದು ಟೀಚರಿಗೋ ತಾಯಿಗೋ ಮತ್ತೊಮ್ಮೆ ಹೇಳುವಂತೆ ಧೈರ್ಯ ತುಂಬಬೇಕು. ಕಚೇರಿಯಲ್ಲಿ, ಅಂಗಳದಲ್ಲಿ ಕೇಳಿದ ಮಾತಿಗೆ ಈ ರಕ್ಷೆ ಇಲ್ಲ. ಮೊದಲ ಪರಮಪ್ರಸಾದದ ತಯಾರಿಯ ವೇಳೆ ಮಕ್ಕಳ ಪಾಪನಿವೇದನೆಯನ್ನು ಎಲ್ಲರ ಕಣ್ಣಿಗೆ ಕಾಣುವ, ಕಿವಿಗೆ ಕೇಳದ ಜಾಗದಲ್ಲಿ ನಡೆಸಬೇಕು.

ಮಳೆಗಾಲ

ರಜೆಯನ್ನು ಜಿಲ್ಲಾಧಿಕಾರಿಗಳು ಘೋಷಿಸುವುದು ಹಲವು ಸಲ ರಾತ್ರಿ ತಡವಾಗಿ ಅಥವಾ ಬೆಳಿಗ್ಗೆ. ಫೋನ್ ಇಲ್ಲದ ಮನೆಯ ಮಗು ನೆನೆದುಕೊಂಡು ಬಂದೇ ಬರುತ್ತದೆ. ರಜೆಯ ದಿನವೂ ಇಬ್ಬರು ಸಿಬ್ಬಂದಿ ಹತ್ತು ಗಂಟೆಯವರೆಗೆ ಗೇಟಿನಲ್ಲಿರಬೇಕು, ಬಂದ ಮಗುವನ್ನು ಒರೆಸಿ ಕೂರಿಸಿ ಮನೆಯವರಿಗೇ ಒಪ್ಪಿಸಬೇಕು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಹಗಲಲ್ಲಿ ಬಿದ್ದಿದ್ದರೆ ಸದಾಶಿವಗಡ ಕಡೆಯ ಎಷ್ಟು ಮಕ್ಕಳು ಈ ದಡದಲ್ಲಿ ಉಳಿಯುತ್ತಿದ್ದರು ಎಂಬ ಪ್ರಶ್ನೆಗೆ ಪ್ರತಿ ಶಾಲೆಯ ಬಳಿ ಒಂದು ಪಟ್ಟಿ ಇರಬೇಕು: ನದಿ, ಘಟ್ಟ ಅಥವಾ ಹೆದ್ದಾರಿ ದಾಟಿ ಬರುವ ಮಕ್ಕಳು, ಅವರು ಈ ದಡದಲ್ಲೇ ಉಳಿಯಬೇಕಾದರೆ ಯಾರ ಮನೆಯಲ್ಲಿ. ಇಲ್ಲಿ ಧರ್ಮಕೇಂದ್ರದ ಕುಟುಂಬಗಳು ನಿಜವಾಗಿ ಕೈಹಿಡಿಯುತ್ತವೆ. ಆದರೆ ಆ ಮನೆಗಳನ್ನೂ ಮೊದಲೇ ಪಾಲಕರ ಒಪ್ಪಿಗೆಯಿಂದ ಗೊತ್ತುಮಾಡಿರಬೇಕು. ನೆರೆ ಬಂದು ಶಾಲೆಯ ಸಭಾಂಗಣ ಕಾಳಜಿ ಕೇಂದ್ರವಾದಾಗ ಮಕ್ಕಳ ಶೌಚಾಲಯವನ್ನು ಬೇರೆ ಇಡಬೇಕು.

ಊಟ ಮತ್ತು ಬೆಂಕಿ

2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಎಣ್ಣೆಯ ಊಟದಿಂದ 23 ಮಕ್ಕಳು ಸತ್ತರು. 2004ರಲ್ಲಿ ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ತಗುಲಿ 94 ಮಕ್ಕಳು. ಬಡಿಸುವ ಮೊದಲು ದೊಡ್ಡವರೊಬ್ಬರು ಉಣ್ಣುವುದು, ಅಡುಗೆಮನೆ ತರಗತಿಯಿಂದ ದೂರವಿರುವುದು, ಎರಡನೆಯ ಬಾಗಿಲಿಗೆ ಬೀಗ ಹಾಕದಿರುವುದು, ಇಷ್ಟೂ ಪ್ರತಿದಿನ ನಡೆಯಬೇಕು.

ಫೆಸ್ತ, ಗ್ಯಾದರಿಂಗ್, ಕಡಲತೀರ

ಶಾಲೆಯ ಸಮುದಾಯ ಜೀವನ ಸೊಗಸಾಗಿರುವುದು ಇಲ್ಲಿ. ಆಗಸ್ಟ್ 15ರಂದು ಬಾವುಟವೂ ಸ್ವರ್ಗಾರೋಹಣ ಮಾತೆಯ ಹಬ್ಬವೂ ಒಟ್ಟಿಗೆ, ಸೆಪ್ಟೆಂಬರ್ 8ಕ್ಕೆ ತೆನೆಹಬ್ಬ, ಡಿಸೆಂಬರಿನಲ್ಲಿ ಕ್ರಿಸ್ಮಸ್ಸಿನ ಗೋದಲಿ. ಬೇರೆ ಧರ್ಮದ ಮಕ್ಕಳು ಹೂ ಹಿಡಿದು ನಿಲ್ಲುವುದು ನೋಡಲು ಚೆಂದ. ಆದರೆ ಸಂವಿಧಾನದ 28ನೆಯ ವಿಧಿಯ ಮೂರನೆಯ ಖಂಡದಂತೆ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೂ ಪೂಜೆಗೂ ಕೂರಿಸುವಂತಿಲ್ಲ. ಪ್ರವೇಶದ ದಿನವೇ ಬರಹದಲ್ಲಿ ಕೇಳಿದರೆ ಜಗಳಕ್ಕೆ ಎಡೆಯಿಲ್ಲ.

ಗ್ಯಾದರಿಂಗಿನ (ಶಾಲಾ ವಾರ್ಷಿಕೋತ್ಸವದ) ದಿನ ಅಪಾಯ ರಂಗಸ್ಥಳದಲ್ಲಿಲ್ಲ, ಬಟ್ಟೆ ಬದಲಿಸುವ ಕೋಣೆಯಲ್ಲಿದೆ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಬೇರೆ ಕೋಣೆ, ಬಾಗಿಲಿಗೆ ಪಟ್ಟಿ ಹಿಡಿದ ಇಬ್ಬರು ತಾಯಂದಿರು, ಒಳಗೆ ಯಾವ ಮೊಬೈಲೂ ಇಲ್ಲ. ಮೇಕಪ್ಪಿನವರದ್ದೂ ಹೊರಗಿನ ಬುಟ್ಟಿಯಲ್ಲಿ. ಕ್ಯಾರೊಲ್ ಹಾಡಲು ರಾತ್ರಿ ಮನೆ ಮನೆಗೆ ಹೋಗುವ ಗುಂಪಿಗೂ ಹೆಸರಿನ ಪಟ್ಟಿ ಮತ್ತು ಮರಳುವ ವೇಳೆ ಗೊತ್ತಾಗಿರಬೇಕು.

ಟಾಗೋರ್ ಕಡಲತೀರಕ್ಕೆ ಒಯ್ದರೆ ಮರಳಿನಲ್ಲಿ ಆಟ, ನೀರಿಗೆ ಇಳಿಸುವಂತಿಲ್ಲ. ಮೀನುಗಾರರ ಮಕ್ಕಳು ‘ನಮಗೆ ಈಜು ಬರುತ್ತದೆ’ ಎನ್ನುತ್ತಾರೆ, ಅವರನ್ನು ನೋಡಿ ಉಳಿದವರು ಇಳಿಯುತ್ತಾರೆ. ಆ ಮಕ್ಕಳ ತಂದೆಯರಲ್ಲಿ ಇಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅವರ ಒಂದು ಗದರಿಕೆಗೆ ಇರುವ ತೂಕ ಟೀಚರ ಸೀಟಿಗೆ ಇಲ್ಲ.

ಕೊನೆಯ ಹೆಜ್ಜೆ: ವರ್ಗಾವಣೆ

ಫಾದರ್ ಮತ್ತು ಸಿಸ್ಟರುಗಳಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆಯಾಗುತ್ತದೆ, ಹೆಚ್ಚಾಗಿ ಬೇಸಿಗೆ ರಜೆಯಲ್ಲಿ. ಹೊಸಬರು ಬಂದಾಗ ಹಳಬರ ನೆನಪಿನಲ್ಲಿದ್ದದ್ದೆಲ್ಲ ಹೋಗಿರುತ್ತದೆ. ಆದ್ದರಿಂದ ಬೀಳ್ಕೊಡುಗೆಯ ಹಾರ ಹಾಕುವ ಮೊದಲು ಸಮಿತಿಯ ಐವರೂ ಕೂತು, ಪುಸ್ತಕ, ಲಕೋಟೆಗಳ ಸಂಖ್ಯೆ, ಕೈಬದಲಿನ ಕಾರ್ಡುಗಳು, ಪೊಲೀಸ್ ಪರಿಶೀಲನೆಯ ಕಾಗದಗಳು, ಇವನ್ನು ಇಡುವ ಬೀರುವಿನ ಎರಡು ಬೀಗದ ಕೈಗಳಲ್ಲಿ ಒಂದು, ಇಷ್ಟನ್ನು ಹೊಸ ಮುಖ್ಯಾಧ್ಯಾಪಕಿಗೆ ಎಣಿಸಿ ಒಪ್ಪಿಸಿ, ಕೊಟ್ಟವರ ಮತ್ತು ಪಡೆದವರ ಸಹಿಯನ್ನು ಪುಸ್ತಕದ ಕೊನೆಯ ಪುಟದಲ್ಲಿ ಹಾಕಿಸಬೇಕು. ಎರಡನೆಯ ಬೀಗದ ಕೈ ಆ ಹೊರಗಿನ ಐದನೆಯವರ ಬಳಿಯೇ ಇರಲಿ.